ಕೆಂಪು ಪೆಟ್ಟಿಗಿ

ಗೋಕುಲ ರೋಡಿನ ಮೂರನೇ ಶೆಡ್ಡಿನ್ಯಾಗ
ನಾ ರಜಿಸ್ಟರ್ ಬರಿಯಾಂವ.
ಹನ್ನೊಂದು ವರ್ಷ.
ಎರಕದಿಂದ ವಾಲ್ವ್ ಬರತಾವು, ಲೇತಿಗಿ ಹೋಗತಾವು,
ನೀರಿನ ಒತ್ತಡಕ್ಕ ಕೂಡತಾವು,
ನಾ ಬರೀತೀನಿ: ಸರಿ. ಸರಿ. ಸರಿ.
ಒಮ್ಮೊಮ್ಮೆ ಶನಿವಾರ ಸಂಜೀಕ ಕುಂತು
ಇಡೀ ವಾರದ್ದು ಒಂದ ಉಸಿರಿಗೆ,
ಒಂದ ಪೆನ್ನು, ಒಂದ ಓಟ, ಒಂದ ಸುಳ್ಳು.
ಪೂರಾ ಸುಳ್ಳೂ ಅಲ್ಲ ಬಿಡ್ರಿ,
ದಾವಲಸಾಬನ ಹೆಬ್ಬೆಟ್ಟಿನ ಮ್ಯಾಲ ನನಗ ನಂಬಿಕಿ.
ಸೀಟಿನ ಮ್ಯಾಲ ಉಗುರಾಡಿಸಿ ಅಂತಾನ,
"ಅರ್ಧ ಕೂದಲ ಹೆಚ್ಚ ಐತಿ."
ಮೈಕ್ರೊಮೀಟರ್ ಆಮ್ಯಾಲೆ ಹೌದು ಅಂತೈತಿ.

ಈ ವರ್ಷ ಕೊಲ್ಲಿ ದೇಶದ ಆರ್ಡರು.
ಸಾಹೇಬ್ರು ಗ್ವಾಡಿಗೆಲ್ಲಾ ಬಣ್ಣ ಹೊಡಿಸಿದ್ರು,
ನೆಲದ ಮ್ಯಾಲ ಹಳದಿ ಗೆರಿ,
ಗುಣಮಟ್ಟದ ನೀತಿ ಅಂತ ಎಂಟು ಸಾಲು
ಎಲ್ಲಾರಿಗೂ ಬಾಯಿಪಾಠ.
"ತಪಾಸಣಿ ಮಂದಿ ಕೇಳಿದ್ರ ಏನಂತಿ, ಫಕ್ಕೀರಪ್ಪ?"
"ಗ್ರಾಹಕರ ತೃಪ್ತಿ... ಗ್ರಾಹಕರ... ಚಾ ಬಂತೇನ್ರಿ?"

ಮೂಲ್ಯಾಗ ಕೆಂಪು ಪೆಟ್ಟಿಗಿ,
'ತಿರಸ್ಕೃತ' ಅಂತ ಬರದದ್ದು.
ಅದರಾಗ ನಮ್ಮ ಬುತ್ತಿ ಇಡತಿದ್ವಿ,
ರೊಟ್ಟಿ, ಶೇಂಗಾ ಚಟ್ನಿ, ಮಳಿಗಾಲಕ್ಕ ಒಂದು ಹರಕ ಕೊಡಿ.
ಬುತ್ತಿ ತಗಸಿ, ಒರಸಿ ಇಟ್ರು.
ಖಾಲಿ ಆದಮ್ಯಾಲ ಅದರ ಬಾಯಿ ಭಾಳ ದೊಡ್ಡದು ಕಂಡಿತು.

ಸೋಮವಾರ ಆಡಿಟ್.
ಶನಿವಾರ ಮಧ್ಯಾಹ್ನ ಹೊಸಾ ಹುಡುಗಿ,
ಐಟಿಐ ಮುಗಿಸಿ ಕುಂದಗೋಳದ ಬಸ್ಸಿಗೆ ಬರೋ
ನೀಲವ್ವ ಹಡಪದ,
ಒತ್ತಡದ ಮೇಜಿನ ಮುಂದ ನಿಂತಾಕಿ
ಕೈ ಎತ್ತಿದಳು.
"ಗುಳ್ಳಿ."

ಒಂದ ಗುಳ್ಳಿ.
ಸಾಸಿವಿಯಷ್ಟು. ಏರಿತು, ಒಡೀತು.
ಗೇಟಿನ್ಯಾಗ ಲಾರಿ ಹಾರ್ನ್ ಹೊಡೀತಿತ್ತು.
ಲೇತು ಒಂದೊಂದ ನಿಂತ್ವು.
ನಾವು ಸಾಹೇಬ್ರ ಮಾರಿ ನೋಡಿದ್ವಿ,
ಸಾಹೇಬ್ರು ಲಾರಿ ನೋಡಿದ್ರು.
ಎಂಟು ಸಾಲಿನ್ಯಾಗ ಒಂದೂ ಯಾರಿಗೂ ನೆನಪಾಗಲಿಲ್ಲ.

ದಾವಲಸಾಬ ಬಂದ. ನೀರಾಗ ಹೆಬ್ಬೆಟ್ಟಿಟ್ಟ.
ಆಂವನ ಕೈಯಿಂದನ ಹೋದ ವಾಲ್ವು.
ಭಾಳ ಹೊತ್ತು ಸುಮ್ನ ಇದ್ದ.
"ಇದು ನನಗ ತಿಳೀಲಿಲ್ಲ," ಅಂದ.
ಆ ಮಾತು ಆಂವನ ಬಾಯಾಗ
ನಾ ಕೇಳಿದ್ದು ಅದ ಮೊದಲು.
ತಾನ ಎತ್ತಿ ಒಯ್ದು ಕೆಂಪು ಪೆಟ್ಟಿಗ್ಯಾಗ ಇಟ್ಟ,
ಸಪ್ಪಳ ಆಗದಂಗ,
ಬುತ್ತಿ ಇಟ್ಟಂಗ.

ಸಾಹೇಬ್ರು ಗೇಟಿಗೆ ಹೋಗಿ ಏನೋ ಹೇಳಿ ಬಂದ್ರು.
ಡ್ರೈವರ್ ಗಿರಮಿಟ್ ತಿಂದ, ಬೈದ, ಮತ್ತ ತಿಂದ.
ನಲವತ್ತೂ ವಾಲ್ವು ತಿರುಗಿ ನೀರಿಗೆ ಇಳಿದ್ವು.
ಇನ್ನೂ ಎರಡು ಸಿಕ್ಕವು.

ನಾ ಪೆನ್ನು ತಗದೆ.
'ಸರಿ' ಬರದು ಬರದು ಸವದ ಕೈಗೆ
ಇನ್ನೊಂದು ಶಬ್ದದ ರೂಢಿ ಇಲ್ಲ.
'ಸೋರತೈತಿ' ಅಂತ ಬರದೆ.
ಅಕ್ಷರ ಸೊಟ್ಟ ಆದವು.
ನೀಲವ್ವ ಬಗ್ಗಿ ನೋಡಿದಳು.
"ಟೈಮ್ ಹಾಕ್ರಿ, ಸರ್."
ಹಾಕಿದೆ: ಏಳೂ ಐವತ್ತು.

ಹಿಂದಿನ ಪುಟ ಹಂಗ ಅದಾವು,
ಒಂದ ಪೆನ್ನು, ಒಂದ ಓಟ.
ಸೋಮವಾರ ಬಂದವರು ತಗದು ನೋಡ್ತಾರ.
ನೋಡಲಿ.