ಅಳತಿ ಬುಕ್ಕು

ಎರಡು ತಿಂಗಳಾತು, ವಾಡೇದ ಮ್ಯಾಲಿನ ಕಿಡಕಿ ತೆಗೆದಿಲ್ಲ.
ಗಾಣಗುಂಟಿ ಮಂದಿಗೆ ಅಷ್ಟ ಸಾಕು.
ಲಾಳೇಸಾಬನ ಹೋಟೆಲ್ಲಿನಾಗ
ಮಂಡಾಳ ಒಗ್ಗರಣಿ ಆರೂದ್ರೊಳಗ
ದೊರೆಸಾನಿಗೆ ನಾಕು ಬ್ಯಾನಿ ಬಂದು ಹೋಗ್ಯಾವ.

ಸಕ್ಕರಿ ಬ್ಯಾನಿ ಅಂದ ಒಬ್ಬ, ಕಾಲಬೆರಳು ತೆಗದಾರಂತ.
ತೆಲಿ ಕೆಟ್ಟೈತಿ ಅಂದ ಇನ್ನೊಬ್ಬ, ರಾತ್ರಿ ಒಬ್ಬಾಕೀನ ನಗ್ತಾಳಂತ.
ಬೆಳ್ಳನ ಕಾರು ಬಂದಿದ್ದು ಸೊಲ್ಲಾಪುರದಿಂದೋ ಹೈದರಾಬಾದಿನಿಂದೋ,
ಅದಕ್ಕ ಹತ್ತು ರೂಪಾಯಿ ಪಂಥ.
ರಿಟೈರಾದ ಕಂಪೌಂಡರ್ ಬಸಲಿಂಗಪ್ಪ
ವಾಡೇದ ಕಸದಾಗಿನ ಔಷಧ ಬಾಟ್ಲಿ ತಿರುವಿ ತಿರುವಿ ಓದಿ,
ಅದು ಕಣ್ಣಿಗೆ ಬಿಡೂ ಹನಿ ಅಂತ ಗೊತ್ತಾದ ಮ್ಯಾಲೂ
"ಇದು ಮಂದಿಗೆ ತೋರ್ಸಾಕ" ಅಂದ.

ರಾಜ್ಯ ಹೋಗಿ ಎಷ್ಟು ವರ್ಷಾತು.
ರಾಜಧನ ಹೋತು. ಆನಿ ಕಟ್ಟೂ ಕಂಬಕ್ಕ
ಈಗ ಕೇಬಲ್ಲಿನ ತಂತಿ.
ಆಕಿ ಮೈ ಮಾತ್ರ ಇನ್ನೂ ಸಂಸ್ಥಾನದ್ದು,
ಎಲ್ಲಾರಿಗೂ ಅದರಾಗ ಒಂದೊಂದು ಗುಂಟೆ ಹಕ್ಕು.

ನನ್ನ ಹಂತ್ಯಾಕ ಬರ್ತಾರ. ಮಷೀನಿನ ಮುಂದ ಕುಂದರ್ತಾರ.
ಗಟ್ಟಿ ಇದ್ದ ಗುಂಡೀನ ಮತ್ತ ಹಚ್ಚು ಅಂತಾರ.
"ರಕುಮವ್ವ, ನೀ ಒಳಗ ಹೋಗಾಕಿ.
ನಿನ್ನ ಅಳತಿ ಬುಕ್ಕಿನಾಗ ಎಲ್ಲಾ ಇರತೈತಿ."

ಗಣಿಗೆ ಹೋಗಿ ಬರ್ತಿದ್ದ ನನ್ನ ಗಂಡ
ಇದ ಮಷೀನಿನ ಹಿಂದ ಮೂರು ವರ್ಷ ಕೆಮ್ಮಿದ.
ಅವಂದು ಇಂಥಾದ್ದ ಬ್ಯಾನಿ ಅಂತ
ಸುಳ್ಳಾದರೂ ಒಬ್ಬರೂ ಹೆಸರು ಹೇಳಲಿಲ್ಲ.

ಹೌದು, ಬುಕ್ಕಿನಾಗ ಇರತೈತಿ.
ಮದಿವ್ಯಾಗಿ ಬಂದ ವರ್ಷ ಎದಿ ಮೂವತ್ನಾಕು, ತೋಳು ಹನ್ನೊಂದು.
ಬಸರಿದ್ದಾಗಿಂದು. ಎಂಟು ದಿನದ ಕೂಸು ಹೋದ ಮ್ಯಾಲಿಂದು.
ಹಂಗ ನಲವತ್ತು ವರ್ಷದ ಮೈ, ಬರೇ ಪೆನ್ಸಿಲ್ಲಿನಾಗ,
ಯಾಕಂದ್ರ ಮೈ ಅನ್ನೂದು ಒಂದು ಅಂಕಿ ಮ್ಯಾಲ ನಿಂದರಾಂಗಿಲ್ಲ.
ಕಡೀ ಹಾಳಿ ಮಾತ್ರ ನಾ ಬರೀಲಿಲ್ಲ.

ಅವತ್ತು ಬಾಗಿಲಾ ಹಾಕ್ಕೊಂಡು ಆಕಿ ಸೆರಗು ತೆಗದಳು.
ಎಡಕ ಬರೇ ಹೊಲಿಗಿ.
ನಾನೂ ಹೊಲಿಯಾಕಿ. ನೋಡಿದೆ:
ಸಣ್ಣ ಟಾಕಿ, ಸಮ ಅಂತರ, ಎಲ್ಲೂ ಎಳಿ ಜಗ್ಗಿಲ್ಲ.
"ಚಲೋ ಕೈ ರೀ" ಅಂದುಬಿಟ್ಟೆ ಬಾಯಿ ತಪ್ಪಿ.
ದೊರೆಸಾನಿ ನಕ್ಕಳು.
ರಾತ್ರಿ ಅಲ್ಲ, ನಡು ಮಧ್ಯಾಹ್ನ,
ಹಟ್ಟಿ ಗಣಿ ಸೈರನ್ ಕೂಗೂ ಹೊತ್ತಿಗೆ,
ಕಣ್ಣಾಗ ನೀರು ಬರೂ ತನಕ.
ಆಮ್ಯಾಲ ಅಂದಳು: "ಬನ್ನಿ ದಿನ ಹೊರಗ ನಿಂದರಬೇಕು, ರಕುಮಾ.
ಎರಡೂ ಕಡಿ ಒಂದ ಆಗೂವಂಗ ಮಾಡು."

ನಮ್ಮ ಕಡಿ ಹತ್ತಿಗೇನು ಬರ.
ಬೀಜ ತೆಗದೆ, ಬಿಸಲಿಗಿಟ್ಟೆ,
ಮಲಮಲ್ಲಿನ ಚೀಲದಾಗ ತುಂಬಿ ಅಂಗೈಯಾಗ ತೂಗಿದೆ. ಹಗುರಾತು.
ನಡಿವಾಗ ಒಂದು ಕಡಿ ಮ್ಯಾಲೇಳತೈತಿ, ಮಂದಿ ಕಣ್ಣು ಅಷ್ಟರಾಗ ಹಿಡಿತಾವ.
ಡಬ್ಬ್ಯಾಗಿನ ಒಂದು ಹಿಡಿ ನವಣಿ ಸೇರಿಸಿದೆ.
ಈಗ ಕೂಸಿನ ಗಲ್ಲದಂಗ ಕೈಯಾಗ ಕುಂತಿತು.

ಬನ್ನಿ ದಿನ ಊರಿಗೆ ಊರ ವಾಡೇದ ಮುಂದ.
"ಬಂಗಾರ ತಗೊಂಡು ಬಂಗಾರದಂಗ ಇರೂಣು" ಅಂತಾರ,
ಕೈ ಎಲಿ ಕೊಡತೈತಿ, ಕಣ್ಣು ಅಳತಿ ತಗೊಂತೈತಿ.
ಬಸಲಿಂಗಪ್ಪ ಕಾಲಿಗೆ ಬಿದ್ದ. ಭಾಳ ಹೊತ್ತು ಏಳಲಿಲ್ಲ.
ಹತ್ತೂ ಬೆರಳು ಇದ್ದವು.
ಎದ್ದಾಗ ಮುಖ ಇಷ್ಟ ಆಗಿತ್ತು.

ನನ್ನ ಸರದಿ ಬಂತು. ಬನ್ನಿ ಕೊಟ್ಟು
ದೊರೆಸಾನಿ ಕಿವಿ ಹಂತ್ಯಾಕ ಬಗ್ಗಿದಳು:
"ರಾತ್ರಿ ಇಲಿ ಬಂದ್ರ ನಿನ್ನ ಹೆಸರು ಹೇಳ್ತೀನಿ."

ಹೊಸ್ತಿಲಾ ದಾಟೂದ ತಡ, ಸುತ್ತಗಟ್ಟಿದರು.
"ಏನಂದ್ರು? ಏನಂದ್ರು ರಕುಮವ್ವ?"
"ಏನಿಲ್ಲ. ಇಲಿ ಕಾಟ ಅಂತ."

ಸಂಜೀಕ ಲಾಳೇಸಾಬನ ಹೋಟೆಲ್ಲಿನಾಗ
ದೊರೆಸಾನಿಗೆ ಪ್ಲೇಗ್ ಬಂದಿತ್ತು.