ಬಾಯಿ ತೆರೆದದ್ದು

ಯಾರಂಬಿನ್ ಊರಿನ ಸಭಾಭವನ. ಹೊರಗೆ ಮಾವಿನ ಮರದಲ್ಲಿ
ತಲೆಕೆಳಗಾಗಿ ನೇತುಬಿದ್ದ ಬಾವಲಿಗಳ ಜಗಳ.
ಒಳಗೆ ನಮ್ಮದು, ನೆಟ್ಟಗೆ ಕೂತು.

ಕ್ವೀನ್ಸ್‌ಲ್ಯಾಂಡಿನ ಫೆಬ್ರವರಿ. ಫ್ಯಾನು ಎರಡೂ ಕಡೆಗೆ
ಅಷ್ಟಷ್ಟೇ ಬಿಸಿಗಾಳಿ ಹಂಚುತ್ತದೆ.

ಬೇಕರಿಯ ಡೊರೀನ್ ಎದ್ದಳು:
ನನ್ನ ಲೋಟದೊಳಗೆ ಕೌನ್ಸಿಲ್ಲಿಗೇನು ಕೆಲಸ?
ಪಂಪ್‌ಹೌಸಿನ ಮರ್ವ್ ಟೋಪಿ ಹಿಂಡುತ್ತ ಹೇಳಿದ:
ಹತ್ತು ಲಕ್ಷ ಹನಿಗೆ ಒಂದು ಹನಿಯೂ ಇಲ್ಲವಮ್ಮ.
ಅಷ್ಟೇ ಆದರೆ ಯಾಕೆ ಹಾಕುತ್ತೀ?
ಅಷ್ಟೇ ಆದರೆ ಯಾಕೆ ಹೆದರುತ್ತೀ?
ಎರಡು ಪ್ರಶ್ನೆ ಒಂದೇ ಬಾಗಿಲಲ್ಲಿ ಸಿಕ್ಕಿಕೊಂಡವು.

ನಾನು ದಂತವೈದ್ಯರ ಬಳಿ ಎಂಜಲು ಹೀರುವ ನಳಿಗೆ ಹಿಡಿಯುವವಳು.
ಮಂಗಳವಾರ ಐದು ವರ್ಷದ ಲ್ಯಾಕ್ಲನ್‌ಗೆ
ಎಂಟು ಹಾಲುಹಲ್ಲು ಕಿತ್ತೆವು. ಮಂಪರಿನಲ್ಲೇ ಕೇಳಿದ:
ಹಲ್ಲಿನ ದೇವತೆ ಎಂಟಕ್ಕೂ ಕಾಸು ಕೊಡ್ತಾಳಾ?
ನಮ್ಮಲ್ಲಾದರೆ ಸಗಣಿಯಲ್ಲಿಟ್ಟು ಮಾಳಿಗೆ ಮೇಲೆಸೆಯುತ್ತಿದ್ದೆವು,
ಒಂದೊಂದಾಗಿ, ತಾನಾಗಿ ಬಿದ್ದಾಗ.

"ನೀನು ಹೇಳು," ಎಂದಳು ಡೊರೀನ್.
ನಾಲಿಗೆ ಹಲ್ಲ ಮೇಲೊಮ್ಮೆ ಹಾಯಿತು, ಹಳೇ ಚಟ.
ಮುಂಡರಗಿ ಕಡೆಯ ಬೋರಿನ ನೀರು
ನನ್ನ ಬಾಯೊಳಗೆ ಕಂದು ಗೆರೆ ಎಳೆದಿದೆ.
ಅಲ್ಲಿ ಯಾರೂ ಬೆರೆಸಲಿಲ್ಲ. ಯಾರೂ ಸಭೆ ಕರೆಯಲಿಲ್ಲ.
ಕಲ್ಲೇ ಕರಗಿ ಕೊಡಕ್ಕೆ ಬಂತು.
ಚಿಗವ್ವನ ಮೊಣಕಾಲು ಮಡಚುವುದನ್ನೇ ಮರೆತವು.
ನೋಡಲು ಬಂದವರ ಮುಂದೆ ಅವ್ವ ಕಲಿಸಿದ್ದು ಒಂದೇ:
ನಗು, ಆದರೆ ತುಟಿ ಬಿಚ್ಚಬೇಡ.

ಬಿಚ್ಚಿದೆ.
ಇಡೀ ಸಭೆಗೆ ಕಾಣುವಂತೆ, ಕುರ್ಚಿಯಲ್ಲಿ ಒರಗಿದ ರೋಗಿಯ ಹಾಗೆ
ಆ ಅಂದೆ.
ಇದೂ ಅದೇ ಉಪ್ಪು, ಎಂದೆ. ಇಲ್ಲಿಯದಕ್ಕಿಂತ ಆರೇಳು ಪಟ್ಟು.
ಲ್ಯಾಕ್ಲನ್‌ನ ಬಾಯನ್ನೂ ನೋಡಿದ್ದೇನೆ. ಎಷ್ಟು ಅಂತ ಕೇಳಿ,
ಬೇಕೋ ಬೇಡವೋ ಅಂತ ಆಮೇಲೆ...

ಮಾತು ಮುಗಿಸಲು ಬಿಡಲಿಲ್ಲ.
ಬಲಗಡೆಯವರು ಚಪ್ಪಾಳೆ ತಟ್ಟಿದರು.
ಎಡಗಡೆಯವರು ಇನ್ನೂ ಜೋರಾಗಿ.

ಮತ ಎಣಿಕೆ ಮುಂದಿನ ತಿಂಗಳಿಗೆ ಹೋಯಿತು.
ಮರುದಿನ ಡೊರೀನ್ ದುಡ್ಡು ತಗೊಳ್ಳದೆ ಬನ್ನು ಕೊಟ್ಟಳು:
ನೀನು ನಮ್ಮವಳು.
ಮರ್ವ್ ಲಾರಿ ನಿಲ್ಲಿಸಿ ಟೋಪಿ ಎತ್ತಿದ:
ನೀನು ನಮ್ಮವಳು.

ರಾತ್ರಿ ಹಲ್ಲುಜ್ಜಿ ನಲ್ಲಿ ತಿರುಗಿಸಿದೆ.
ಬಿಸಿಲಿಗೆ ಕಾದ ಕೊಳವೆಯಿಂದ ಬೆಚ್ಚನೆಯ ನೀರು.
ಬೊಗಸೆಯಲ್ಲಿ ಹಿಡಿದು ನೋಡಿದೆ.
ಏನೂ ಕಾಣಲಿಲ್ಲ, ನನ್ನ ಕೈಗೆರೆಗಳ ಹೊರತು.
ಮುಕ್ಕಳಿಸಿ, ಉಗುಳಲೋ ನುಂಗಲೋ ಎಂದು
ಒಂದು ಗಳಿಗೆ
ಬಾಯಲ್ಲೇ ಇಟ್ಟುಕೊಂಡೆ.