ಇತರೆ ಚಟುವಟಿಕೆಗಳು

ವೈದ್ಯಕೀಯ ಕಾಲೇಜಿನ ಅರ್ಜಿಯಲ್ಲೊಂದು ಚೌಕ:
ಇತರೆ ಚಟುವಟಿಕೆಗಳು.
ಚರ್ಚಾಸ್ಪರ್ಧೆ ಬರಿ, ಅಂದ ಅಣ್ಣ,
ಕಡಲತೀರದಲ್ಲಿ ಕಸ ಹೆಕ್ಕಿದ ಫೋಟೊ ಅಂಟಿಸು.
ಅರ್ಧ ಗಂಟೆಯ ಕಸ, ಒಂದು ಗಂಟೆಯ ಫೋಟೊ.

ಭಾನುವಾರಗಳೆಲ್ಲ ಕಳೆದದ್ದು ಬೈತಖೋಲದ ಧಕ್ಕೆಯಲ್ಲಿ.
ಓದು ಬಾರದ ಶೇವಂತಿ ತಾಂಡೇಲರ
ಮಾತ್ರೆ ಡಬ್ಬಿಗಳ ಮೇಲೆ
ಸೂರ್ಯ ಬಿಡಿಸಿದೆ, ಚಂದ್ರ ಬಿಡಿಸಿದೆ, ಜಾಣೆ ನಾನು.
ತಿಂಗಳಾದರೂ ಸಕ್ಕರೆ ಇಳಿಯಲಿಲ್ಲ.

‘ಚಂದ್ರ ಇರುವಾಗ ನನಗೆಲ್ಲಿ ಊಟ, ಮಗಾ?
ಬೋಟು ಬರೋದೇ ಆಗ.’
ಐಸಿನಲ್ಲಿ ಬೆಳ್ಳಗಾದ ಬೆರಳುಗಳು
ಸಿಗಡಿ ಸುಲಿಯುತ್ತಲೇ ಇದ್ದವು.

ಚಂದ್ರನನ್ನು ಅಳಿಸಿ ದೋಣಿ ಬರೆದೆ,
ಪಕ್ಕಕ್ಕೊಂದು ತಟ್ಟೆ.
ಸೊಟ್ಟಗಿದೆ, ಮುಳುಗೀತು, ಎಂದು ನಕ್ಕರು.

ನಾಳೆ ಕೊನೆಯ ದಿನ. ಚೌಕ ಇನ್ನೂ ಖಾಲಿ.
ಅರ್ಜಿಯ ಹಿಂಬದಿಯಲ್ಲಿ
ಆ ದೋಣಿಯನ್ನೇ ಮತ್ತೆ ಮತ್ತೆ ತಿದ್ದುತ್ತಿದ್ದೇನೆ.